ಬಡಿಸುವ ಸರದಿ

ಮೇರಿಲ್ಯಾಂಡಿನ ಸರ್ಕಾರಿ ಹೈಸ್ಕೂಲು ಮುಗಿಸಬೇಕಾದರೆ ಮಕ್ಕಳು 75 ಗಂಟೆ ಸೇವೆ ಮಾಡಿರಬೇಕು. ಹೀಗೊಂದು ನಿಯಮವನ್ನು 1992ರಲ್ಲಿ ರಾಜ್ಯಾದ್ಯಂತ ತಂದ ಮೊದಲ ಅಮೆರಿಕನ್ ರಾಜ್ಯ ಇದು. ಬೇಸಿಗೆ ರಜೆ ಬಂತೆಂದರೆ ನಮ್ಮ ಕನ್ನಡದ ಮನೆಗಳಲ್ಲೂ ಅದೇ ಮಾತು: ಲೈಬ್ರರಿಗೆ ಹೋದರೆ ಎಷ್ಟು ಗಂಟೆ ಸಿಗುತ್ತದೆ, ಫಾರಂಗೆ ಸಹಿ ಹಾಕುವವರು ಯಾರು. ನಿಯಮ ಒಳ್ಳೆಯದೇ. ಕೆಲಸಕ್ಕೆ ಮುಂಚಿನ ಸಿದ್ಧತೆ, ಮಾಡಿದ ಮೇಲೆ ಅದರ ಬಗ್ಗೆ ಕೂತು ಯೋಚಿಸುವುದು ಎರಡೂ ಅದರಲ್ಲಿ ಸೇರಿವೆ. ಆದರೂ ಸೇವೆ ಎಂದರೆ ಎಲ್ಲೋ ಹೋಗಿ, ಗುರುತಿಲ್ಲದವರಿಗೆ ಮಾಡಿ ಬರುವ ಕೆಲಸ ಎಂದು ಮಕ್ಕಳು ತಿಳಿಯುತ್ತಾರೆ. ತಮ್ಮದೇ ತರಗತಿಯಲ್ಲಿ ಹಿಂದೆ ಬಿದ್ದವನು ಆ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಆಗ ನೆನಪಾಗುವುದು ತುಮಕೂರಿನ ಸಿದ್ಧಗಂಗೆ. ಜಾತಿ ಮತ ಕೇಳದೆ, ಬಿಡಿಗಾಸು ಪಡೆಯದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಡುತ್ತ ಬಂದ ಮಠ. ಮಠದ ಹಿರಿಯ ಗುರು ಶಿವಕುಮಾರ ಸ್ವಾಮೀಜಿ ಹಿಂದಿನ ಕಷ್ಟದ ದಿನಗಳಲ್ಲಿ ತಾವೇ ಹಳ್ಳಿ ಹಳ್ಳಿ ತಿರುಗಿ ದವಸ ಬೇಡಿ ತರುತ್ತಿದ್ದರು; ಸುಗ್ಗಿ ಮುಗಿದ ಮೇಲೆ ಮಠಕ್ಕೆಂದು ರೈತರು ಎತ್ತಿಟ್ಟ ರಾಗಿಯೇ ಮಕ್ಕಳ ಮುದ್ದೆಯಾಗುತ್ತಿತ್ತು. ಗುಡಿಸುವುದು, ಬಡಿಸುವುದು ಮುಂತಾದ ಕೆಲಸಗಳಿಗೆ ಅಲ್ಲಿ ಮಕ್ಕಳೂ ಕೈಹಾಕುತ್ತಾರೆ. ಇವತ್ತು ಪಂಕ್ತಿಯಲ್ಲಿ ಕೂತು ಉಂಡವನು ನಾಳೆ ಸಾರಿನ ಬಕೆಟ್ ಹಿಡಿದು ಅದೇ ಪಂಕ್ತಿಯ ಮುಂದೆ ನಡೆಯುತ್ತಾನೆ. ಹಾಗೆ ನಡೆದವನಿಗೆ ಯಾರ ತಟ್ಟೆ ಖಾಲಿ, ಯಾರು ಸಂಕೋಚದಿಂದ ಸುಮ್ಮನೆ ಕೂತಿದ್ದಾರೆ ಎಂಬುದು ಕಾಣುತ್ತದೆ. ಉಣ್ಣಲು ಕೂತವನಿಗೆ ಅದು ಕಾಣುವುದಿಲ್ಲ. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆಯೇ ಸುದ್ದಿ ಹೊರಬಂತು. ಅದು ಅವರದೇ ಇಚ್ಛೆಯಾಗಿತ್ತೆಂದು ಪತ್ರಿಕೆಗಳು ಬರೆದವು. ಆ ದಿನವೂ ಯಾರೋ ಬಡಿಸಿದ್ದಾರೆ, ಮಕ್ಕಳು ಉಂಡಿದ್ದಾರೆ ಎಂದು ನೆನೆದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಅಮೆರಿಕಕ್ಕೆ ಬಂದು ಹೋದವರೊಬ್ಬರ ಹೆಸರನ್ನೂ ಹೇಳಬೇಕು. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದವರು. ಓಹಿಯೊದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹಿಂತಿರುಗಿದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ವಾಸ ಮಾತ್ರ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ, ವಿದ್ಯಾರ್ಥಿಗಳ ನಡುವೆ. ತಮ್ಮನ್ನು ಓದಿಸಿದ ಸಂಸ್ಥೆಯ ಋಣ ತೀರಿಸಲು ಅವರು ಬೇರೆ ಜಾಗ ಹುಡುಕಲಿಲ್ಲ.

ಇನ್ನು ನಮ್ಮ ಕನ್ನಡ ಶಾಲೆಗಳು. ಹೊರದೇಶದ ಬಹುತೇಕ ಕನ್ನಡ ಶಾಲೆಗಳು ನಿಂತಿರುವುದೇ ಸಂಬಳವಿಲ್ಲದ ದುಡಿಮೆಯ ಮೇಲೆ. ವಾರವೆಲ್ಲ ಆಫೀಸಿನಲ್ಲಿ ದಣಿದವರು ರಜೆಯ ದಿನ ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಾರೆ, ಕುರ್ಚಿ ಜೋಡಿಸುತ್ತಾರೆ, ಪಾಠದ ಹಾಳೆ ಪ್ರಿಂಟ್ ಮಾಡಿ ತರುತ್ತಾರೆ, ಉಪ್ಪಿಟ್ಟು ಬಡಿಸುತ್ತಾರೆ, ಕೊನೆಗೆ ಕಸವನ್ನೂ ಹೊರಹಾಕುತ್ತಾರೆ. ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಎಲ್ಲ ಸೇವೆಯೂ ದೊಡ್ಡವರದೇ ಆಗಿ, ಮಕ್ಕಳು ಬರೀ ಪಡೆಯುವವರಾಗಿ ಉಳಿದರೆ ಆ ಶಾಲೆ ಅವರಿಗೆ ತಮ್ಮದೆನಿಸುವುದು ಹೇಗೆ? ಹದಿಮೂರು ಹದಿನಾಲ್ಕಕ್ಕೆ ಹಲವರು ಬಿಟ್ಟುಹೋಗುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ.

ಒತ್ತಕ್ಷರದಲ್ಲಿ ತೊಡರಿದ ಆರು ವರ್ಷದ ಮಗುವಿನ ಪಕ್ಕ ಹದಿಮೂರರ ಹುಡುಗಿಯೊಬ್ಬಳನ್ನು ಕೂರಿಸಿ ನೋಡಿ. ತಾನು ಅಲ್ಲೇ ತೊಡರಿದ್ದು ಅವಳಿಗೆ ಇನ್ನೂ ಮರೆತಿಲ್ಲ, ಗದರುವುದಿಲ್ಲ. ಮಗು ಕೇಳುವ ಪ್ರಶ್ನೆಗೆ ಉತ್ತರ ಹುಡುಕುತ್ತ ಅವಳ ಕನ್ನಡವೂ ಗಟ್ಟಿಯಾಗುತ್ತದೆ. ಮುಂದಿನ ವಾರ ಆ ಮಗು ಮೊದಲು ಹುಡುಕುವುದು ಮೇಷ್ಟರನ್ನಲ್ಲ, ಆ ಅಕ್ಕನನ್ನು.

ಈ ಸಲ ನಮ್ಮ ಕನ್ನಡ ಸಂಘದ ಸಭೆಯಲ್ಲಿ ಶಾಲೆಯ ಸ್ವಯಂಸೇವಕರ ಪಟ್ಟಿ ಬರೆಯುವಾಗ ದೊಡ್ಡ ತರಗತಿಯ ಮಕ್ಕಳ ಹೆಸರನ್ನೂ ಸೇರಿಸಬೇಕೆಂದು ಕೇಳಲಿದ್ದೇನೆ. ಕುರ್ಚಿ ಸೊಟ್ಟಗೆ ಜೋಡಿಸಿಯಾರು, ಉಪ್ಪಿಟ್ಟು ಚೆಲ್ಲಿಯಾರು. ನಾವು ಓಡಿಹೋಗಿ ಅವರ ಕೈಯಿಂದ ಕಸಿದುಕೊಳ್ಳುವುದು ಬೇಡ. ಹೊಸದಾಗಿ ಊರಿಗೆ ಬಂದ ಕುಟುಂಬದ ಮಕ್ಕಳನ್ನು ಎದುರುಗೊಂಡು ಕರೆದು ಕೂರಿಸುವ ಕೆಲಸವನ್ನು ಮೊದಲು ಅವರಿಗೇ ಒಪ್ಪಿಸೋಣ.