ಇನ್ನೊಂದು ಪ್ರತಿ

ಕಪಾಟಿನ ಮೂಲೆಯಲ್ಲಿ ಹಳೆಯ ಸಿ.ಡಿ.ಯೊಂದು ಸಿಕ್ಕಿತು. ಮೇಲೆ ನನ್ನದೇ ಕೈಬರಹದಲ್ಲಿ ‘ಲೇಖನಗಳು, 2003’. ಆವರೆಗೆ ಬರೆದದ್ದೆಲ್ಲ ಅದರಲ್ಲಿದೆ ಎಂಬ ಧೈರ್ಯದಲ್ಲೇ ಇಪ್ಪತ್ತು ವರ್ಷ ಕಳೆದಿದ್ದೆ. ಈಗಿನ ಲ್ಯಾಪ್‌ಟಾಪಿಗೆ ಸಿ.ಡಿ. ನುಂಗುವ ಬಾಯಿಯೇ ಇಲ್ಲ. ಪಕ್ಕದ ಬೀದಿಯ ಜೆರಾಕ್ಸ್ ಅಂಗಡಿ ಹುಡುಗ ತನ್ನ ಹಳೇ ಕಂಪ್ಯೂಟರಿಗೆ ಹಾಕಿ ಒಂದು ಫೈಲು ತೆರೆದ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ಒಂದು ಪೌಂಡ್ ಚಿಹ್ನೆ, ನೆತ್ತಿಯ ಮೇಲೆ ಗೀಟು ಹೊತ್ತ ಎ. “ವೈರಸ್ಸಾ ಸಾರ್?” ಎಂದ.

ವೈರಸ್ಸಲ್ಲ, ಹಳೆಯ ನುಡಿ. ಯೂನಿಕೋಡ್ ನಮ್ಮಲ್ಲಿ ರೂಢಿಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದೆಲ್ಲ ಒಳಗೆ ರೋಮನ್ ಸಂಕೇತಗಳಾಗಿಯೇ ಕೂರುತ್ತಿತ್ತು. ಅದಕ್ಕೆ ಕನ್ನಡದ ವೇಷ ಕಟ್ಟುತ್ತಿದ್ದದ್ದು ಫಾಂಟು. ಫಾಂಟಿಲ್ಲದ ಕಡೆ ವೇಷ ಕಳಚುತ್ತದೆ. ಲೇಖನಗಳನ್ನು ಜೋಪಾನ ಮಾಡಿದ್ದ ನಾನು ಫಾಂಟನ್ನು ಮರೆತಿದ್ದೆ. ಪರಿವರ್ತಕ ಹಿಡಿದು ಯೂನಿಕೋಡಿಗೆ ತಂದೆ. ಅರ್ಕಾವತ್ತುಗಳು ಅಲ್ಲಲ್ಲಿ ಜಾರಿದ್ದವು. ಎರಡು ರಾತ್ರಿ ಕೂತು ತಿದ್ದಿದೆ. ಹನ್ನೊಂದು ಫೈಲು ಮಾತ್ರ ತೆರೆಯಲೇ ಇಲ್ಲ. ಹೈಸ್ಕೂಲು ಮೇಷ್ಟ್ರು ತೀರಿಕೊಂಡಾಗ ಬರೆದದ್ದು ಅದರಲ್ಲೊಂದು. ಅಚ್ಚಾದ ಪುಟವನ್ನೂ ಕತ್ತರಿಸಿ ಇಟ್ಟುಕೊಂಡಿರಲಿಲ್ಲ, ‘ಸಿ.ಡಿ.ಯಲ್ಲಿದೆಯಲ್ಲ’ ಎಂದು.

ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ ಬರೆಸಿದ ಕಾವ್ಯ ಅದು. ಮನೆಯ ಆಸ್ತಿಯೇ ಅನ್ನಿ. ಒಂದೊಂದು ಓಲೆಯನ್ನೂ ಲಿಪಿಕಾರ ಕೈಯಲ್ಲೇ ಬರೆಯಬೇಕಾಗಿದ್ದ ಕಾಲ. ಶಾಲೆಯಲ್ಲಿ ಇದನ್ನು ದಾನದ ಕಥೆಯಾಗಿ ಓದಿದ್ದೆ. ಈಗ ಅವಳ ಜಾಣತನವೂ ಕಾಣುತ್ತದೆ. ಸಾವಿರವನ್ನೂ ಒಂದೇ ಭಂಡಾರದಲ್ಲಿ ಪೇರಿಸಿ ಬೀಗ ಜಡಿದಿದ್ದರೆ ಗೆದ್ದಲಿಗೆ ಒಂದು ಮಳೆಗಾಲ ಸಾಕಿತ್ತು. ಒಂದೇ ಮೇಜಿನ ಖಾನೆಯಲ್ಲಿ ಮೂರು ಪೆನ್‌ಡ್ರೈವ್ ಇಟ್ಟುಕೊಂಡು ಮೂರು ಪ್ರತಿ ಇದೆ ಎನ್ನುವವರು (ನಾನೂ ಅನ್ನುತ್ತಿದ್ದೆ) ಮನೆಗೆ ನೀರು ನುಗ್ಗಿದ ದಿನವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

“ಕ್ಲೌಡಿನಲ್ಲಿದೆ ಬಿಡಪ್ಪ” ಎನ್ನುವ ಗೆಳೆಯರಿದ್ದಾರೆ. ಫೋನಿಗೂ ಕ್ಲೌಡಿಗೂ ತಾನಾಗಿ ಹೊಂದಿಕೊಳ್ಳುವ ಏರ್ಪಾಡಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಲ್ಲಿನ ಕಸದಬುಟ್ಟಿ ಖಾಲಿಯಾಗುವ ತನಕ ಮಾತ್ರ ಗಡುವು. ಅದು ಪ್ರತಿಯಲ್ಲ, ಕನ್ನಡಿ. ಪಾಸ್‌ವರ್ಡು ಮರೆತರಂತೂ ನಮ್ಮ ಮನೆಗೇ ನಾವು ಹೊರಗಿನವರು.

ಈಗ ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಕಂಪ್ಯೂಟರಿಗೆ ಕುಂಕುಮ ಇಡುವ ಮುಂಚೆ ಎಲ್ಲವನ್ನೂ ಒಂದು ಹಾರ್ಡ್‌ಡಿಸ್ಕಿಗೆ ಇಳಿಸುತ್ತೇನೆ. ಇಳಿಸಿದ ಮೇಲೆ ಕಣ್ಣುಮುಚ್ಚಿ ನಾಲ್ಕು ಫೈಲು ಆರಿಸಿ ಡಿಸ್ಕಿನಿಂದಲೇ ತೆರೆದು ಓದುತ್ತೇನೆ. ಇದಕ್ಕೆ ಹಿಡಿಯುವುದು ಕಾಫಿ ಆರುವಷ್ಟು ಹೊತ್ತು. ಆಮೇಲೆ ಡಿಸ್ಕು ದಾವಣಗೆರೆಯ ಅಕ್ಕನ ಮನೆಗೆ ಹೋಗುತ್ತದೆ. ಹಿಂದಿನ ವರ್ಷದ್ದು ಅಲ್ಲಿಂದ ವಾಪಸು ಬರುತ್ತದೆ.

ಹೋದ ಸಲ ಅಕ್ಕ ಬೀರು ತೆಗೆದು ರೇಷ್ಮೆ ಸೀರೆಗಳ ನಡುವಿನಿಂದ ಒಂದು ಪುಟ್ಟ ಗಂಟು ಎತ್ತಿಕೊಟ್ಟಳು. ಕೆಂಪು ರವಿಕೆ ಕಣದಲ್ಲಿ ಸುತ್ತಿ, ಓಲೆಗರಿಯ ಕಟ್ಟಿಗೆ ಹಾಕುವ ಹಾಗೆ ದಾರ ಹಾಕಿದ್ದಳು. ನಾನು ಹೇಳಿರಲಿಲ್ಲ. “ಧೂಳು ಕೂರುತ್ತಲ್ಲೋ,” ಅಂದಳು.