ಪೆಟ್ಟಿಗೆ ಸದ್ದು ಮಾಡಿದಾಗ

ಕೆಲಸ ಮಾಡುತ್ತಿರುವ ಕಂಪ್ಯೂಟರ್ ಇದ್ದಕ್ಕಿದ್ದಂತೆ ಬೀಥೋವನ್‌ನ ‘ಫ್ಯೂರ್ ಎಲೀಸ್’ ನುಡಿಸತೊಡಗಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ವೈರಸ್ ಹೊಕ್ಕಿದೆ ಎಂದೇ ಮೊದಲು ಅನ್ನಿಸುವುದು. ಇದು ನಿಜವಾಗಿ ನಡೆಯುತ್ತಿದ್ದ ಸಂಗತಿ. ಮೈಕ್ರೊಸಾಫ್ಟ್ ಕಂಪನಿ ಇದರ ಬಗ್ಗೆಯೇ ಒಂದು ಸಹಾಯ ಟಿಪ್ಪಣಿ ಪ್ರಕಟಿಸಬೇಕಾಯಿತು. ಅದರಲ್ಲಿದ್ದ ಕಾರಣ ಸರಳ: ಪ್ರೊಸೆಸರ್ ಮೇಲಿನ ಫ್ಯಾನ್ ಕೆಟ್ಟಿದೆ ಅಥವಾ ಕೆಡುತ್ತಿದೆ, ಇಲ್ಲವೇ ಪವರ್ ಸಪ್ಲೈನಿಂದ ಬರುವ ವೋಲ್ಟೇಜ್ ಮಿತಿ ಮೀರಿದೆ. ಅದನ್ನು ತಿಳಿಸಲೆಂದು 1997ರಿಂದೀಚೆಗೆ ‘ಅವಾರ್ಡ್’ ಬಯೋಸ್ (ಆನ್ ಮಾಡಿದಾಗ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಇದ್ದ ಯಂತ್ರಗಳಲ್ಲಿ ಈ ರಾಗವನ್ನು ಅಡಕ ಮಾಡಿದ್ದರು.

ಎಚ್ಚರಿಕೆಯನ್ನು ಇಷ್ಟು ಇಂಪಾಗಿ ಕೊಟ್ಟರೆ ಅದು ಎಚ್ಚರಿಕೆ ಎಂದು ತಿಳಿಯುವುದಾದರೂ ಹೇಗೆ? ಆದರೆ ಅದರ ಹಿಂದಿದ್ದ ವಿಚಾರ ಸರಿಯಾದದ್ದೇ. ಕಂಪ್ಯೂಟರ್ ಕೆಡುವ ಮೊದಲು ಬಹಳ ಸಲ ಸದ್ದು ಮಾಡುತ್ತದೆ. ಆ ಸದ್ದು ಎಲ್ಲಿಂದ ಬರುತ್ತಿದೆ, ಯಾವಾಗ ಬರುತ್ತಿದೆ ಎಂದು ಕಿವಿಗೊಡುವವರು ಕಡಿಮೆ. ನಮ್ಮ ಮನೆ, ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡೇ. ಪೆಟ್ಟಿಗೆಯ ತಲೆಯ ಮೇಲೊಂದು ಏಟು ಹಾಕುವುದು, ಅದಕ್ಕೂ ಬಗ್ಗದಿದ್ದರೆ ‘ಒಂದ್ಸಲ ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬ ಸಲಹೆ. ಏಟಿನಿಂದ ಹಾರ್ಡ್ ಡಿಸ್ಕ್‌ಗೆ ಅಪಾಯ, ಫಾರ್ಮ್ಯಾಟ್‌ನಿಂದ ಫೈಲುಗಳಿಗೆ ಅಪಾಯ. ಸವೆದ ಬೇರಿಂಗ್ ಎರಡರಿಂದಲೂ ಸರಿಹೋಗುವುದಿಲ್ಲ.

ನಿಜ ಹೇಳಬೇಕೆಂದರೆ, ಡೆಸ್ಕ್‌ಟಾಪ್ ಪೆಟ್ಟಿಗೆಯೊಳಗೆ ಸದ್ದು ಮಾಡಬಲ್ಲ ವಸ್ತುಗಳೇ ಬೆರಳೆಣಿಕೆಯಷ್ಟು. ತಿರುಗುವ ಫ್ಯಾನುಗಳು, ತಿರುಗುವ ಹಾರ್ಡ್ ಡಿಸ್ಕ್, ಹಳೆಯ ಯಂತ್ರವಾದರೆ ಡಿವಿಡಿ ಡ್ರೈವ್, ಬೀಪ್ ಎನ್ನುವ ಪುಟ್ಟ ಸ್ಪೀಕರ್, ಕರೆಂಟು ಹರಿಯುವಾಗ ಸಣ್ಣಗೆ ಕಂಪಿಸುವ ಸುರುಳಿಗಳು. ಇಷ್ಟು ಗೊತ್ತಿದ್ದರೆ ಅರ್ಧ ಹುಡುಕಾಟ ಮುಗಿದಂತೆಯೇ. ಉಳಿದರ್ಧ ತಾಳ್ಮೆಯ ಕೆಲಸ.

ಆ ತಾಳ್ಮೆಯನ್ನು ನಾನು ಕಂಡದ್ದು ನಮ್ಮ ಬಡಾವಣೆಯ ಡಿಟಿಪಿ ಸೆಂಟರ್‌ನಲ್ಲಿ. ಮದುವೆ ಸೀಸನ್, ಲಗ್ನಪತ್ರಿಕೆಗಳ ಪ್ರೂಫ್ ಮೇಜಿನ ತುಂಬ ಹರಡಿತ್ತು. ಮೇಜಿನ ಕೆಳಗಿದ್ದ ಸಿಸ್ಟಂ ಗೊರಗೊರ ಎನ್ನುತ್ತಿತ್ತು. ರಿಪೇರಿಗೆ ಬಂದ ಹುಡುಗ ಸ್ಕ್ರೂಡ್ರೈವರ್ ತೆಗೆಯಲೇ ಇಲ್ಲ. ಮೊದಲು ಕೇಳಿದ: “ಅಕ್ಕಾ, ಸದ್ದು ಯಾವಾಗ ಬರುತ್ತೆ? ಆನ್ ಮಾಡಿದ ತಕ್ಷಣಾನಾ, ಆಮೇಲಾ?” “ಬೆಳಿಗ್ಗೆ ಹಾಕಿದಾಗ ಜೋರು ಕಣಪ್ಪ. ಬಿಸಿ ಆದಮೇಲೆ ತಾನಾಗೇ ಕಮ್ಮಿ ಆಗುತ್ತೆ.” ಅವನು ಹಾಳಾದ ಪ್ರೂಫ್ ಹಾಳೆಯೊಂದನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಪೆಟ್ಟಿಗೆಯ ಮುಂದೆ, ಪಕ್ಕದಲ್ಲಿ, ಹಿಂದೆ ಹಿಡಿಯುತ್ತ ಹೋದ. ಹಿಂಭಾಗದ ಜಾಲರಿಯ ಹತ್ತಿರ ನಿಂತ. “ಫ್ಯಾನೇ ಅಕ್ಕಾ. ಬೇರಿಂಗಲ್ಲಿ ಎಣ್ಣೆ ಒಣಗಿದೆ. ಡಿಸ್ಕ್ ಚೆನ್ನಾಗಿದೆ, ಹೆದರ್ಕೋಬೇಡಿ.”

ಕಡಿಮೆ ಬೆಲೆಯ ಫ್ಯಾನುಗಳಲ್ಲಿ ಬಹುಪಾಲು ಸ್ಲೀವ್ ಬೇರಿಂಗ್ ಇರುತ್ತದೆ. ಅದರೊಳಗಿನ ಎಣ್ಣೆ ಕಾಲಕ್ರಮೇಣ ಒಣಗುತ್ತದೆ. ತಣ್ಣಗಿದ್ದಾಗ ಎಣ್ಣೆ ಮಂದವಾಗಿ ಬೇರಿಂಗ್ ಗೊರಗೊರ ಎನ್ನುತ್ತದೆ, ಬಿಸಿಯೇರಿದಂತೆ ಎಣ್ಣೆ ತೆಳುವಾಗಿ ಸದ್ದು ಇಳಿಯುತ್ತದೆ. ಹಾಗಾಗಿ ‘ಬೆಳಿಗ್ಗೆ ಜೋರು, ಆಮೇಲೆ ಕಡಿಮೆ’ ಎಂದರೆ ಅನುಭವಸ್ಥ ಮೆಕ್ಯಾನಿಕ್ ಮೊದಲು ನೋಡುವುದು ಫ್ಯಾನನ್ನೇ. ಇದರ ತದ್ವಿರುದ್ಧವೂ ಉಂಟು: ಶುರುವಿನಲ್ಲಿ ಮೌನ, ಕೆಲಸ ಹೆಚ್ಚಿದಂತೆ ಬುಸುಗುಡುವಿಕೆ. ಅಲ್ಲಿ ಫ್ಯಾನಿನ ತಪ್ಪಿಲ್ಲ. ಹೀಟ್‌ಸಿಂಕಿನ ಸೀಳುಗಳಲ್ಲಿ ಧೂಳು ಕಂಬಳಿಯ ಹಾಗೆ ಕೂತಿದೆ, ಇಲ್ಲವೇ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದೆ. ಬಿಸಿ ಹೊರಹೋಗದೆ ಫ್ಯಾನ್ ಜೋರಾಗಿ ಓಡುತ್ತಿದೆ. ಇನ್ನು ‘ಟರ್‌ರ್‌ರ್’ ಎಂಬ ಒಂದೇ ಲಯದ ಸದ್ದಿಗೆ ರೆಕ್ಕೆಗೆ ತಾಗುವ ಕೇಬಲ್ ಕಾರಣವಾಗಿರುತ್ತದೆ. ಅದನ್ನೊಂದು ಟೈ ಹಾಕಿ ಬಿಗಿದರೆ ಸಾಕು. ಪೆಟ್ಟಿಗೆಯ ಪಕ್ಕದ ತಗಡಿನ ಮೇಲೆ ಅಂಗೈ ಒತ್ತಿದಾಗ ಸದ್ದು ನಿಂತರೆ, ಸಡಿಲವಾದದ್ದು ಸ್ಕ್ರೂ.

ಧೂಳು ತೆಗೆಯುವಾಗ ಎರಡು ಮಾತು ನೆನಪಿರಲಿ. ಪ್ಲಗ್ ಕಿತ್ತ ಮೇಲೆಯೇ ಮುಚ್ಚಳ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ತಡೆದಿರಬೇಕು, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಇನ್ನಷ್ಟು ಕೆಡುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು, ಅಂದರೆ ಪವರ್ ಸಪ್ಲೈಯನ್ನು, ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಆ ಶಾಕ್ ಸಣ್ಣದಲ್ಲ. ಅದರ ಫ್ಯಾನ್ ಸದ್ದು ಮಾಡಿದರೆ ಬಲ್ಲವರಿಗೆ ಕೊಡಿ, ಇಲ್ಲವೇ ಡಬ್ಬಿಯನ್ನೇ ಬದಲಿಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿ ಫ್ಯಾನೂ ಸಿಗುತ್ತದೆ, ಅಳತೆಗೆ ತಕ್ಕ ಡಬ್ಬಿಯೂ ಸಿಗುತ್ತದೆ.

ಕೆಲವು ಸದ್ದುಗಳು ಪೆಟ್ಟಿಗೆಯೊಳಗಿನವೇ ಅಲ್ಲ. ವೋಲ್ಟೇಜ್ ಏರಿಳಿದಾಗ ಯುಪಿಎಸ್‌ನ ರಿಲೇ ‘ಟಕ್’ ಎನ್ನುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಸ್ಪೀಕರ್ ಗುಂಯ್‌ಗುಡುತ್ತದೆ. ಸ್ಪೀಕರ್ ಪಕ್ಕ 2ಜಿ ಮೊಬೈಲ್ ಇಟ್ಟರೆ, ಕರೆ ಬರುವ ಕ್ಷಣಕ್ಕೆ ಮುಂಚೆ ‘ಟಿಟಿರ್ ಟಿಟಿರ್’ ಎಂದು ಕೇಳಿಸುತ್ತದೆ. ಫೋನ್ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟುಬಿಟ್ಟು ಸೂಸುವ ರೇಡಿಯೊ ತರಂಗದ ಕೆಲಸ ಅದು. ಸ್ಪೀಕರ್ ಆಫ್ ಮಾಡಿ ನೋಡಿದರೆ ಈ ಅನುಮಾನ ಒಂದೇ ನಿಮಿಷದಲ್ಲಿ ಬಗೆಹರಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಮಕ್ಕಳು ಆಟ ಆಡುವಾಗ ಕೇಳುವ ಸಣ್ಣ ‘ಕೀಂ’ ಎಂಬ ದನಿ ಸುರುಳಿಗಳ ಕಂಪನದ್ದು. ಕಿವಿಗೆ ಕಿರಿಕಿರಿ, ಯಂತ್ರಕ್ಕೆ ತೊಂದರೆಯಿಲ್ಲ. ಆಟದ ಸೆಟ್ಟಿಂಗ್‌ನಲ್ಲಿ ಫ್ರೇಮ್ ದರಕ್ಕೆ ಮಿತಿ ಹಾಕಿದರೆ ಬಹಳ ಸಲ ಕಡಿಮೆಯಾಗುತ್ತದೆ.

ಬೀಪ್‌ಗಳ ವಿಷಯ ಬೇರೆ. ಅವನ್ನು ಎಂಜಿನಿಯರುಗಳು ನಮಗೆಂದೇ ಇಟ್ಟದ್ದು. ಆನ್ ಮಾಡಿದಾಗ ಒಂದು ಗಿಡ್ಡ ಬೀಪ್ ಬಂದರೆ ಎಲ್ಲ ಸರಿಯಿದೆ ಎಂದು ಬಹಳಷ್ಟು ಹಳೆಯ ಯಂತ್ರಗಳ ಲೆಕ್ಕ. ಸ್ಕ್ರೀನ್ ಕಪ್ಪಾಗಿಯೇ ಇದ್ದು ಉದ್ದನೆಯ ಬೀಪ್ ಮತ್ತೆ ಮತ್ತೆ ಬಂದರೆ ಅನುಮಾನ ರ‍್ಯಾಮ್ ಮೇಲೆ. ಇದಕ್ಕೆ ನಮ್ಮ ಮೆಕ್ಯಾನಿಕ್‌ಗಳ ಮದ್ದು ಶಾಲೆ ಮಕ್ಕಳ ಪೆನ್ಸಿಲ್ ರಬ್ಬರ್. ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ಕಡೆಯ ಕ್ಲಿಪ್ ‘ಕಟ್’ ಎನ್ನುವವರೆಗೆ ಒತ್ತಿ ಕೂರಿಸುತ್ತಾರೆ. ಕರಾವಳಿಯ ತೇವದಲ್ಲಿ, ಮಳೆಗಾಲದ ಮಲೆನಾಡಿನಲ್ಲಿ ಆ ಅಂಚಿಗೆ ಹಿಡಿದ ಕಿಲುಬು ಇಷ್ಟಕ್ಕೇ ಹೋಗಿ ಯಂತ್ರ ಎದ್ದು ಕೂರುವುದುಂಟು. ರಿಪೇರಿ ಅಂಗಡಿಗಳಲ್ಲಿ ಕೈಯಿಂದ ಕೈಗೆ ಬಂದ ಇಂಥ ಜ್ಞಾನಕ್ಕೆ ನಾವು ಕೊಡಬೇಕಾದಷ್ಟು ಗೌರವ ಕೊಟ್ಟಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇಷ್ಟು ಹೊತ್ತು ಹೇಳಿದ ಸದ್ದುಗಳಲ್ಲಿ ಬಹುಪಾಲು ಒಂದೆರಡು ದಿನ ಕಾಯಬಲ್ಲವು. ಕಾಯದ ಸದ್ದು ಒಂದಿದೆ: ಹಾರ್ಡ್ ಡಿಸ್ಕ್‌ನಿಂದ ಒಂದೇ ಸಮನೆ ಬರುವ ‘ಟಕ್... ಟಕ್... ಟಕ್...’

ಹಾರ್ಡ್ ಡಿಸ್ಕ್‌ನ ಒಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಇಲ್ಲವೇ 7200 ಸುತ್ತು ತಿರುಗುತ್ತವೆ. 7200 ಎಂದರೆ ಸೆಕೆಂಡಿಗೆ 120 ಸುತ್ತು. ಡೆಸ್ಕ್‌ಟಾಪ್ ಡಿಸ್ಕ್‌ನ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ತಟ್ಟೆಗೆ ತಾಗದಂತೆ, ಓದುವ ಹೆಡ್ ತೇಲುತ್ತಿರುತ್ತದೆ. ನಮ್ಮ ತಲೆಗೂದಲು ಆ ಅಂತರಕ್ಕಿಂತ ಸಾವಿರಾರು ಪಟ್ಟು ದಪ್ಪ. ಫೈಲ್ ಕಾಪಿ ಮಾಡುವಾಗ ಕೇಳುವ ‘ಕುರುಕುರು’ ಆ ಹೆಡ್‌ನ ಓಡಾಟದ್ದು. ಅದು ಆರೋಗ್ಯದ ಸದ್ದು. ಆಫ್ ಮಾಡಿದಾಗ ಬರುವ ಒಂದೇ ಒಂದು ‘ಟಿಕ್’ ಕೂಡ ಹೆಡ್ ತನ್ನ ಜಾಗಕ್ಕೆ ಮರಳಿದ ಸೂಚನೆ. ಆದರೆ ಹೆಡ್‌ಗೆ ತಾನೆಲ್ಲಿದ್ದೇನೆಂಬ ಗುರುತೇ ಸಿಗದಾದಾಗ ಅದು ಹುಡುಕುತ್ತದೆ, ಸೋಲುತ್ತದೆ, ಹಿಂದಕ್ಕೆ ಬಡಿದು ಮತ್ತೆ ಹುಡುಕುತ್ತದೆ. ಕಾಯದ ಆ ‘ಟಕ್ ಟಕ್’ ಇದೇ. ಕೆಲವೊಮ್ಮೆ ಪವರ್ ಕೇಬಲ್ ಸಡಿಲವಾಗಿದ್ದರೆ, ಎಸ್‌ಎಂಪಿಎಸ್ ದುರ್ಬಲವಾಗಿದ್ದರೆ ಕೂಡ ಹೀಗಾಗುತ್ತದೆ. ಯಾವುದೆಂದು ತಿಳಿಯುವವರೆಗೆ ಕೆಟ್ಟದ್ದನ್ನೇ ಊಹಿಸುವುದು ಕ್ಷೇಮ. ಏಕೆಂದರೆ ಕೆಟ್ಟ ಹೆಡ್ ತಟ್ಟೆಗೆ ತಾಗಿತೆಂದರೆ ಮಾಹಿತಿ ಬರೆದಿರುವ ಪದರವನ್ನೇ ಕೆರೆದು ತೆಗೆಯುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದದ್ದರಲ್ಲಿ ಇನ್ನಷ್ಟು ಹೋಗುತ್ತದೆ.

ತಟ್ಟಿ ನೋಡುವವರು, ಫ್ರಿಜ್‌ನಲ್ಲಿಟ್ಟು ನೋಡುವವರು ಇದ್ದಾರೆ. ದಯವಿಟ್ಟು ಬೇಡ. ಫ್ರಿಜ್‌ನಿಂದ ತೆಗೆದ ಡಿಸ್ಕ್ ಮೇಲೆ ತೇವ ಕೂರುತ್ತದೆ. ಏಟಿನ ಮಾತಂತೂ ಬಿಡಿ, ಬರಿಯ ಶಬ್ದಕ್ಕೇ ಡಿಸ್ಕ್ ಕೆಟ್ಟದ್ದುಂಟು. 2016ರ ಸೆಪ್ಟೆಂಬರ್‌ನಲ್ಲಿ ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಬೆಂಕಿ ನಂದಿಸುವ ಅನಿಲದ ಪರೀಕ್ಷೆ ನಡೆಯಿತು. ಅನಿಲ ನುಗ್ಗಿದ ಭಾರಿ ಸದ್ದಿನ ಕಂಪನಕ್ಕೇ ಹತ್ತಾರು ಹಾರ್ಡ್ ಡಿಸ್ಕ್‌ಗಳು ಹಾಳಾಗಿ, ಬ್ಯಾಂಕಿನ ಎಟಿಎಂ, ಕಾರ್ಡ್ ಸೇವೆಗಳು ಗಂಟೆಗಟ್ಟಲೆ ನಿಂತವು.

ಡಿಸ್ಕ್ ಹೋದರೆ ಹೊಸದು ತರಬಹುದು. ಅದರಲ್ಲಿ ಇದ್ದದ್ದು? ಊರಿನ ಸ್ಟುಡಿಯೊದಲ್ಲಿ ಎರಡು ದಶಕದ ಮದುವೆಗಳ ಫೋಟೊ ಇರುತ್ತವೆ. ಜಾನಪದ ಸಂಗ್ರಹಕಾರರ ಬಳಿ, ಹಾಡಿದವರು ಈಗ ಇಲ್ಲದ ಸೋಬಾನೆ ಪದಗಳ ರೆಕಾರ್ಡಿಂಗ್ ಇರುತ್ತದೆ. ನುಡಿ ತಂತ್ರಾಂಶದಲ್ಲಿ ಕುಟ್ಟಿದ, ಇನ್ನೂ ಅಚ್ಚಾಗದ ಕಾದಂಬರಿ, ಪಿಎಚ್.ಡಿ. ಪ್ರಬಂಧ, ಜಮೀನಿನ ಕಾಗದಗಳ ಸ್ಕ್ಯಾನ್. ಇವೆಲ್ಲ ಬಹಳ ಕಡೆ ಇರುವುದು ಒಂದೇ ಪ್ರತಿ, ಒಂದೇ ಡಿಸ್ಕ್‌ನಲ್ಲಿ. ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚಿ ಮಾಹಿತಿ ತೆಗೆದುಕೊಡುವ ಲ್ಯಾಬ್‌ಗಳಿವೆ. ಅವರು ಕೇಳುವ ಹಣ ಹೊಸ ಡಿಸ್ಕ್‌ನ ಬೆಲೆಯ ಎಷ್ಟೋ ಪಟ್ಟು, ಅಷ್ಟಾದರೂ ಎಲ್ಲವೂ ಸಿಕ್ಕೀತೆಂಬ ಖಾತರಿಯಿಲ್ಲ.

ನಿಮ್ಮದು ಎಸ್‌ಎಸ್‌ಡಿ, ಅದಕ್ಕೆ ಸದ್ದೇ ಇಲ್ಲ ಎಂದು ನಿರಾಳವಾಗಿದ್ದರೆ ಅದೂ ಸರಿಯಲ್ಲ. ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಓಡಾಡುವ ಹೆಡ್ ಇಲ್ಲ. ಕೆಡುವಾಗ ಅದು ಕಿವಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ನಿನ್ನೆ ಇತ್ತು, ಇವತ್ತು ಇಲ್ಲ ಎಂಬಂತೆ ಹೋಗಿಬಿಡಬಹುದು. ಹಳೆಯ ಡಿಸ್ಕ್ ಗೊಣಗಿ, ಟಕ್ಕೆಂದು ಒಂದಿಷ್ಟಾದರೂ ಸಮಯ ಕೊಡುತ್ತಿತ್ತು.

ಆದ್ದರಿಂದ ನಿಮ್ಮ ಮನೆಯ ಅಥವಾ ಅಂಗಡಿಯ ಪೆಟ್ಟಿಗೆಯಿಂದ ‘ಟಕ್ ಟಕ್’ ಕೇಳಿದರೆ ಅಲ್ಲಿಗೇ ಆಫ್ ಮಾಡಿ, ಮತ್ತೆ ಆನ್ ಮಾಡದೆ ಬಲ್ಲವರನ್ನು ಕರೆಯಿರಿ. ಏನೂ ಕೇಳಿಸುತ್ತಿಲ್ಲವಾದರೆ ಇವತ್ತೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಂದು, ಮತ್ತೆ ಸಿಗಲಾರದ ಫೈಲುಗಳನ್ನು ಮೊದಲು ಅದಕ್ಕೆ ಕಾಪಿ ಮಾಡಿ. ಆ ಡಿಸ್ಕನ್ನು ಕಂಪ್ಯೂಟರಿನ ಪಕ್ಕದಲ್ಲಲ್ಲ, ಬೇರೆ ಕೋಣೆಯ ಬೀರುವಿನಲ್ಲಿಡಿ.