ಮೈಲ್ಡಾ, ರೆಗ್ಯುಲರ್ರಾ, ಸೂಪರ್ರಾ?

ಹೋದ ತಿಂಗಳು ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಗಣೇಶಗುಡಿಯಿಂದ ವಾಟ್ಸಾಪಲ್ಲಿ ಮೂರು ಫೋಟೋ ಬಂದವು. ಮೂರೂ ಹೇರ್ ರಿಲ್ಯಾಕ್ಸರ್ ಡಬ್ಬಿಗಳು. ಹಿಂದೆಯೇ ಒಂದು ವಾಯ್ಸ್ ಮೆಸೇಜು: “ಲೇ, ಮೈಲ್ಡ್ ಐತಿ, ರೆಗ್ಯುಲರ್ ಐತಿ, ಸೂಪರ್ ಐತಿ. ನನ್ನ ತಲಿಗೆ ಯಾವುದು ನಡೀತೈತಿ ಹೇಳ. ನೆಟ್ಟಗ ಆಗ್ಬೇಕು, ಉದುರಬಾರ್ದು, ಬೆಳೀಬೇಕು. ನೀ ಕೆಮಿಸ್ಟ್ರಿ ಓದಿದಾಕಿ ಅಲ್ಲೇನು?”

ಅವಳು ಮತ್ತು ನಾನು ದಾಂಡೇಲಿಯಲ್ಲಿ ಕೂಡಿ ಓದಿದವರು. ನನ್ನಪ್ಪ ಸೂಪಾ ಡ್ಯಾಮಿನಲ್ಲಿ ಕೆಪಿಸಿ ನೌಕರ, ನಾನು ಕ್ವಾರ್ಟರ್ಸ್ ಹುಡುಗಿ. ಅವಳು ಹಳಿಯಾಳ ಕಡೆಯ ಸಿದ್ದಿ ಹುಡುಗಿ. ನಾನು ಎಂಎಸ್ಸಿ ಮಾಡಿ ಬೆಂಗಳೂರಿನ ಲ್ಯಾಬೊಂದರಲ್ಲಿ ಕೂತೆ. ಅವಳು ಗಣೇಶಗುಡಿ ಹತ್ತಿರದ ರೆಸಾರ್ಟ್ ಒಂದರಲ್ಲಿ ನಾಲ್ಕು ವರ್ಷದಿಂದ ರೂಮು ಕ್ಲೀನಿಂಗ್ ಮಾಡ್ತಾಳೆ. ಈಗ ಅಲ್ಲಿ ಫ್ರಂಟ್ ಆಫೀಸಿನಲ್ಲಿ ಒಂದು ಜಾಗ ಖಾಲಿಯಾಗಿದೆ. ಡಿಗ್ರಿ ಇದೆ, ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಎಲ್ಲ ಬರುತ್ತೆ. ಮ್ಯಾನೇಜರ್ ಹೇಳಿದ್ದು ಇಷ್ಟೇ: “ಕೂದಲು ಸ್ವಲ್ಪ ನೀಟಾಗಿ ಮಾಡ್ಕೊಂಡು ಬಾ, ನೋಡೋಣ.”

ಅದೇ ರೆಸಾರ್ಟಿನಲ್ಲಿ ಶನಿವಾರ ರಾತ್ರಿ ಬೆಂಕಿ ಹಾಕಿ ಸಿದ್ದಿ ಕುಣಿತ ಮಾಡಿಸ್ತಾರೆ. ಡಮಾಮಿ ಬಡಿಯೋರ ಜೊತೆ ಕುಣಿಯೋ ಹೆಣ್ಣುಮಕ್ಕಳಲ್ಲಿ ಇವಳೂ ಒಬ್ಬಳು, ಅದಕ್ಕೆ ಬೇರೆ ದುಡ್ಡು ಸಿಗುತ್ತೆ. ಅವತ್ತು ಅದೇ ಮ್ಯಾನೇಜರ್ ಹೇಳೋದು, “ಕೂದಲು ಬಿಟ್ಕೊಂಡೇ ಬರ್ರಿ, ಗೆಸ್ಟ್‌ಗೆ ಅದೇ ಬೇಕು.”

ಮೆಸೇಜ್ ಕೇಳಿ ನಾನು ಮೊದಲು ಟೈಪ್ ಮಾಡಿದ್ದು: “ನಿನ್ನ ಕೂದಲು ಎಷ್ಟು ಚಂದ ಇದೆ ಗೊತ್ತಾ? ಯಾರಿಗೋಸ್ಕರಾನೂ ಬದಲಾಗಬೇಡ.” ಕಳಿಸೋ ಬಟನ್ ಮೇಲೆ ಬೆರಳಿಟ್ಟಾಗ ಫೋನಿನ ಕ್ಯಾಮೆರಾದಲ್ಲಿ ನನ್ನದೇ ಮುಖ ಕಂಡಂಗಾಯ್ತು. ನನ್ನ ಕೂದಲೇನು ಗುಂಗುರಲ್ಲ, ಸ್ವಲ್ಪ ಅಲೆ ಅಲೆ, ಅಷ್ಟೆ. ಅದನ್ನೂ ಎರಡು ಸಲ ಸ್ಮೂತ್ನಿಂಗ್ ಮಾಡಿಸಿದ್ದೀನಿ. ಮೊದಲನೇ ಸಲ ಇಂಟರ್‌ವ್ಯೂಗೆ ಮುಂಚೆ, ಯಾರೂ ಹೇಳದೇನೇ. ಟೈಪ್ ಮಾಡಿದ್ದನ್ನೆಲ್ಲ ಅಳಿಸಿದೆ.

ಹಾಗಾದ್ರೆ ಹೇಳೋದೇನು? ಅವಳು ಕೇಳಿದ್ದು ಡಬ್ಬಿಯ ವಿಷಯ. ಅಲ್ಲಿಂದಲೇ ಶುರು ಮಾಡಿದೆ.

ಕೂದಲಿನ ಕೆರಾಟಿನ್ ಎಳೆಗಳನ್ನು ಬಿಗಿದು ಹಿಡಿದಿರೋದು ಗಂಧಕದ ಕೊಂಡಿಗಳು. ರಿಲ್ಯಾಕ್ಸರ್ ಆ ಕೊಂಡಿ ಮುರಿಯುತ್ತೆ. ಹಳೇ ನಮೂನೆಯದರಲ್ಲಿ ಇರೋದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಸಾಬೂನಿಗೆ, ಕಟ್ಟಿಕೊಂಡ ಪೈಪಿಗೆ ಬಳಸೋ ಸಾಮಾನು. ಪೇಪರ್ ಮಿಲ್ಲಿನಲ್ಲಿ ಮರದಿಂದ ನಾರು ಬಿಡಿಸೋಕೂ ಇದೇ ಬೇಕು. ದಾಂಡೇಲಿಯಲ್ಲಿ ಓದಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ‘ನೋ ಲೈ’ ಅಂತ ಬರೆದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಗ್ವಾನಿಡೀನ್ ಕಾರ್ಬೊನೇಟ್ ಬೇರೆ ಬೇರೆ ಇರುತ್ತೆ, ಹಚ್ಚೋ ಮುಂಚೆ ಕಲಸಬೇಕು. ನೆತ್ತಿ ಸ್ವಲ್ಪ ಕಡಿಮೆ ಉರಿಯಬಹುದು, ಆದರೆ ಕೂದಲು ಒಣಗಿ ಬಿರುಸಾಗುತ್ತೆ. ಕ್ಷಾರ ಅಂದಮೇಲೆ ಎರಡೂ ಕ್ಷಾರವೇ.

ಮೈಲ್ಡ್ ಇರೋದು ತೆಳು ಕೂದಲಿಗೆ ಅಥವಾ ಬಣ್ಣ ಹಾಕಿದ್ದಕ್ಕೆ, ರೆಗ್ಯುಲರ್ ಮಧ್ಯಮಕ್ಕೆ, ಸೂಪರ್ ದಪ್ಪಗಿದ್ದು ಬಗ್ಗದ ಕೂದಲಿಗೆ ಅನ್ನೋದು ಡಬ್ಬಿಯ ಲೆಕ್ಕ. ಆದರೆ ಸುರುಳಿ ಬಿಗಿಯಾಗಿದೆ ಅಂದ ಮಾತ್ರಕ್ಕೆ ಎಳೆ ದಪ್ಪ ಇದೆ ಅಂತಲ್ಲ. ಬಿಗಿ ಸುರುಳಿಯ ಕೂದಲು ತಿರುವು ತಿರುವಿನಲ್ಲೂ ನಾಜೂಕು, ಬಾಚಣಿಗೆ ತಾಗಿದರೆ ಮುರಿಯುತ್ತೆ. ಅದಕ್ಕೆ ಸೂಪರ್ ಹಚ್ಚೋದು ಅಂದ್ರೆ ಬಲ ನೋಡದೆ ಹೊರೆ ಹೊರಿಸಿದ ಹಾಗೆ. ಮತ್ತೆ ಮೈಲ್ಡನ್ನೇ ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಅದೂ ಸೂಪರ್ ಆಗುತ್ತೆ. ಹಾಗಾಗಿ, ಹಚ್ಚಲೇಬೇಕು ಅಂದ್ರೆ ಮೈಲ್ಡ್. ಮೊದಲು ನಾಲ್ಕು ಎಳೆ ಕತ್ತರಿಸಿ ಅದರ ಮೇಲೆ ಪರೀಕ್ಷೆ ಮಾಡು. ಹಿಂದಿನ ಎರಡು ಮೂರು ದಿನ ತಲೆ ತೊಳೀಬೇಡ, ಕೆರೀಬೇಡ. ನೆತ್ತಿಗೆ, ಕಿವಿಯಂಚಿಗೆ ವ್ಯಾಸಲೀನು. ಉರಿ ಶುರುವಾಯ್ತಾ, ಗಡಿಯಾರ ನೋಡಬೇಡ, ತೊಳಿ. ಆಮೇಲೆ ನ್ಯೂಟ್ರಲೈಸಿಂಗ್ ಶಾಂಪೂ. ಪಾರ್ಲರಿನಲ್ಲಿ ಹಿಂದೆ ರೀಬಾಂಡಿಂಗ್ ಮಾಡಿಸಿದ್ದರೆ ಇದನ್ನ ಮುಟ್ಟಲೇಬೇಡ. ಅದರ ಥಯೋಗ್ಲೈಕೋಲೇಟಿಗೂ ಇದಕ್ಕೂ ಕೂಡಿಬರಲ್ಲ, ಕೂದಲು ಕೈಗೇ ಬರುತ್ತೆ.

‘ಬೆಳೀಬೇಕು’ ಅನ್ನೋದಕ್ಕೆ ಮಾತ್ರ ನನ್ನ ಹತ್ತಿರ ಒಳ್ಳೇ ಸುದ್ದಿ ಇರಲಿಲ್ಲ. ಸುರುಳಿ ಹುಟ್ಟೋದು ಚರ್ಮದ ಒಳಗೆ, ಕೂದಲಿನ ಬುಡದಲ್ಲಿ. ಕ್ರೀಮು ಅದನ್ನ ಬದಲಿಸಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಎರಡು ತಿಂಗಳಲ್ಲಿ ಬುಡ ಮತ್ತೆ ಗುಂಗುರು, ತುದಿ ನೆಟ್ಟಗೆ. ಎರಡೂ ಕೂಡೋ ಜಾಗದಲ್ಲೇ ಮುರಿಯೋದು ಜಾಸ್ತಿ. ಮತ್ತೆ ಹಚ್ಚು, ಮತ್ತೆ ಹಚ್ಚು. ಒಂದು ಇಂಟರ್‌ವ್ಯೂಗೆ ಅಂತ ಶುರುವಾದದ್ದು ಆ ಕೆಲಸ ಇರೋವರೆಗೂ ನಡೀಬೇಕು. 2022ರಲ್ಲಿ ಅಮೆರಿಕದ ಸುಮಾರು 34,000 ಹೆಂಗಸರ ಅಧ್ಯಯನ ಒಂದು ಬಂತು. ಕೂದಲು ನೆಟ್ಟಗೆ ಮಾಡೋ ರಾಸಾಯನಿಕ ಎಂದೂ ಬಳಸದವರಲ್ಲಿ 70ರ ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರೋ ಅಂದಾಜು 1.64%, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05%. ಅದು ಸಂಬಂಧ ತೋರಿಸುತ್ತೆ, ಕಾರಣ ಇದೇ ಅಂತ ಸಾಬೀತು ಮಾಡಲ್ಲ. ಆದರೂ ವರ್ಷಕ್ಕೆ ನಾಲ್ಕೈದು ಸಲ ಅನ್ನೋದು ಅವಳು ಈಗ ಕಾಲಿಡ್ತಿರೋ ಲೆಕ್ಕವೇ. ಅದನ್ನೂ ಹೇಳಿದೆ.

ಹೇಳಿ ಮಲಗಿದೆ, ನಿದ್ದೆ ಬರಲಿಲ್ಲ. ಒಂದು ಅನ್ಯಾಯದ ಷರತ್ತು ಇದೆ. ಅದನ್ನ ಪೂರೈಸೋಕೆ ಕಡಿಮೆ ಸುಡೋ ದಾರಿ ಯಾವುದು ಅಂತ ಗೆಳತಿ ಕೇಳ್ತಾಳೆ. ಹೇಳಿಕೊಟ್ಟರೆ ಆ ಷರತ್ತಿಗೆ ನಾನೂ ಸಹಿ ಹಾಕಿದೆ ಅಂತಲ್ಲವಾ? ಹೇಳದಿದ್ದರೆ ಅವಳು ಸೂಪರ್ ತಗೊಂಡು ನೆತ್ತಿ ಸುಟ್ಕೋತಾಳೆ, ನನ್ನ ತತ್ವ ಮಾತ್ರ ಸುರಕ್ಷಿತ.

ಮಾಲ್ಕಂ ಎಕ್ಸ್ 1965ರ ತನ್ನ ಆತ್ಮಕಥೆಯಲ್ಲಿ, ಹರೆಯದಲ್ಲಿ ಕಾಸ್ಟಿಕ್ಕು, ಮೊಟ್ಟೆ, ಆಲೂಗಡ್ಡೆ ಕಲಸಿ ತಲೆಗೆ ಹಚ್ಚಿಸಿಕೊಂಡದ್ದನ್ನ ಬರೆದಿದ್ದಾನೆ. ತನ್ನನ್ನೇ ಹೀನಾಯ ಮಾಡಿಕೊಂಡ ಮೊದಲ ದೊಡ್ಡ ಹೆಜ್ಜೆ ಅದು ಅಂತ ಆಮೇಲೆ ಅವನಿಗೆ ಅನ್ನಿಸಿತು. ಓದಿದಾಗ ನಾನು ಹೌದಪ್ಪಾ ಹೌದು ಅಂದಿದ್ದೆ. ಆದರೆ ಆ ಮಾತು ಹೇಳೋ ಹಕ್ಕು ಅವನಿಗೆ ಬಂದದ್ದು ಉರಿದದ್ದು ಅವನ ತಲೆ ಅನ್ನೋದರಿಂದ. ಬೆಂಗಳೂರಲ್ಲಿ ಸ್ಮೂತ್ ಕೂದಲು ಇಟ್ಕೊಂಡು ನಾನು ಗಣೇಶಗುಡಿಯವಳಿಗೆ ಆತ್ಮಗೌರವದ ಪಾಠ ಮಾಡಿದರೆ, ಖರ್ಚು ಅವಳದು, ಹೆಮ್ಮೆ ನನ್ನದು.

ಈ ಸಮುದಾಯದ ದೇಹಕ್ಕೆ ಹೊರಗಿನವರು ಬೆಲೆ ಕಟ್ಟೋದು ಇವತ್ತಿನದಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರ ವಂಶ ಇದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ಓಟಗಾರರನ್ನಾಗಿ ಮಾಡೋಕೆ ಹೊರಟಿತು, ಆಫ್ರಿಕಾದ ಮೈಕಟ್ಟು ಪದಕ ತರುತ್ತೆ ಅನ್ನೋ ನಂಬಿಕೆಯಿಂದ. ಒಳ್ಳೇ ಆಟಗಾರರು ಬಂದರು ಕೂಡ. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಪರಿಶಿಷ್ಟ ಪಂಗಡದ ಪಟ್ಟಿಗೆ ಉತ್ತರ ಕನ್ನಡದ ಸಿದ್ದಿಗಳು ಸೇರಿದ್ದು 2003ರಲ್ಲಿ. ಓಡೋಕೆ ಆ ಮೈ ಬೇಕು, ಕುಣಿಯೋಕೆ ಆ ಕೂದಲು ಬೇಕು. ಕಂಪ್ಯೂಟರ್ ಮುಂದೆ ಕೂತು “ನಮಸ್ಕಾರ ಸರ್, ನಿಮ್ಮ ಬುಕಿಂಗ್ ನಂಬರ್?” ಅಂತ ಕೇಳೋಕೆ ಮಾತ್ರ ಬೇಡ.

ಮ್ಯಾನೇಜರ್ ಕೆಟ್ಟವನಾ? ನನಗೆ ಹಾಗನ್ನಿಸಲ್ಲ. “ಗೆಸ್ಟ್ ಏನಂದ್ಕೋತಾರೋ” ಅನ್ನೋದು ಅವನ ಭಯ. ಈ ಗೆಸ್ಟ್ ಯಾರು ಹೇಳಿ? ಶುಕ್ರವಾರ ರಾತ್ರಿ ಬಸ್ಸು ಹತ್ತಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡೋಕೆ ಹೋಗೋ ನಾವೇ. ಎರಡು ವರ್ಷದ ಹಿಂದೆ ನಮ್ಮ ಆಫೀಸಿನ ಟೀಮ್ ಔಟಿಂಗ್‌ಗೆ ಆ ಕಡೆಗೇ ಹೋಗಿದ್ವಿ. ಬೆಂಕಿಯ ಸುತ್ತ ಕುಣಿತ ನೋಡಿ ನಾನೂ ಚಪ್ಪಾಳೆ ಹೊಡೆದೆ, ರೀಲ್ ಹಾಕಿದೆ. ಹುಟ್ಟಿ ಬೆಳೆದ ಊರಿನ ಕುಣಿತವನ್ನ ಟೂರಿಸ್ಟ್ ಥರ ಹಿಡಿದದ್ದು! ಬೆಳಗ್ಗೆ ಚೆಕೌಟ್ ಮಾಡುವಾಗ ಕೌಂಟರಿನಲ್ಲಿ ಯಾರಿದ್ದರು, ಯಾರಿರಲಿಲ್ಲ ಅಂತ ನೋಡಲೇ ಇಲ್ಲ. ನಮ್ಮನ್ನ ಯಾರೂ ಕೇಳಿಲ್ಲ, ನಿಜ. ಆದರೆ ನಮ್ಮ ಹೆಸರಲ್ಲೇ ಅವಳ ತಲೆಯ ಮೇಲಿನ ಕ್ಷಾರ ಎಷ್ಟಿರಬೇಕು ಅಂತ ತೀರ್ಮಾನ ಆಗ್ತಿದೆ.

ಮರುದಿನ ಫೋನ್ ಮಾಡಿ, “ನಾನು ಗೆಸ್ಟ್ ಅಂತಲೇ ಆ ಮ್ಯಾನೇಜರಿಗೆ ಒಂದು ಮೇಲ್ ಹಾಕ್ತೀನಿ” ಅಂದೆ.

“ಏನೂ ಬ್ಯಾಡ ನೋಡ,” ಅಂದಳು. “ನೀ ಮೇಲ್ ಹಾಕಿ ಆರಾಮ ಇರ್ತಿ. ಇಲ್ಲಿ ನಾ ಮರುದಿನ ಅವ್ರ ಮುಂದ ನಿಂದ್ರಬೇಕು.”

ಅದೂ ಸರಿಯೇ. ಅವಳ ಹೆಸರು, ಅವಳ ಸುದ್ದಿ ಬರದ ಹಾಗೆ, ಅವಳ ತೀರ್ಮಾನ ಆದಮೇಲೆ ಬರಿ ಅಂತ ಒಪ್ಪಿಸೋಕೆ ಅರ್ಧ ಗಂಟೆ ಹಿಡಿಯಿತು. ಇದನ್ನು ಬರೆಯೋಕೂ ಅವಳನ್ನ ಕೇಳಿಯೇ ಬರೆದದ್ದು. ಊರು, ಕೆಲಸ ಸ್ವಲ್ಪ ಬದಲಿಸಿದ್ದೀನಿ.

“ಅದ್ಸರಿ,” ಕೊನೆಗೆ ಅವಳೇ ಕೇಳಿದಳು, “ಒಮ್ಮೆ ಹಚ್ಚಿದ್ರ ತಿರುಗಿ ಮೊದಲಿನಂಗ ಆಗಾಂಗಿಲ್ಲಲ್ಲ?”

“ಹಚ್ಚಿದ ಕೂದಲು ಆಗಲ್ಲ. ಬುಡದಿಂದ ಹೊಸದು ಬರಬೇಕು. ನಿನ್ನಷ್ಟು ಉದ್ದಕ್ಕೆ ಎರಡು ವರ್ಷ.”

“ಅಂದ್ರ ಎರಡು ವರ್ಷ ಶನಿವಾರದ ರೊಕ್ಕ ಹೋತು.” ಲೆಕ್ಕ ಹಾಕ್ತಿದ್ದಳು ಅನ್ಸುತ್ತೆ, ಒಂದು ಕ್ಷಣ ಮಾತಿಲ್ಲ. “ಫ್ರಂಟ್ ಆಫೀಸಿನ ಪಗಾರ ಎಷ್ಟು ಅಂತ ಮೊದ್ಲ ಕೇಳ್ತೀನಿ ತಡಿ. ಡಬ್ಬಿ ಎಲ್ಲಿ ಹೋಗ್ತೈತಿ.”